ಕೈಗುಣದ ಮುಲಾಮು

ಗುರುಬಸವ್ವನಿಗೆ ಯಾರ ಮೇಲೂ ಪೂರ್ತಿ ನಂಬಿಕೆಯಿರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಗಿರಣಿಯವನು ಹಿಟ್ಟು ಉಳಿಸಿಕೊಳ್ಳುತ್ತಾನೆ, ಪಕ್ಕದ ಮನೆಯ ಶಟ್ಟೆವ್ವ ಒಯ್ದ ಬಟ್ಟಲಿನ ಬದಲು ಅಂಥದೇ ಹಳೆಯದೊಂದನ್ನು ತಂದಿಡುತ್ತಾಳೆ, ಸೊಸೆ ಮಂಜುಳಾ ಒಲೆಯ ಮೇಲೆ ಹಾಲಿಟ್ಟು ಫೋನು ನೋಡುತ್ತಾ ನಿಲ್ಲುತ್ತಾಳೆ. ಇವೆಲ್ಲ ಅವಳ ದಿನನಿತ್ಯದ ಅನುಮಾನಗಳು. ಎಂ.ಕೆ. ಹುಬ್ಬಳ್ಳಿಯ ಆ ಓಣಿಯಲ್ಲಿ ತಾನು ನಲವತ್ತು ವರ್ಷ ಮೋಸಹೋಗದೆ ಬದುಕಿದ್ದು ಈ ಅನುಮಾನದ ಬಲದಿಂದಲೇ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಎರಡರ ಮೇಲೆ ಮಾತ್ರ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ. ಒಂದು, ದೇವರ ಜಗಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕದಲ್ಲಿರುತ್ತಿದ್ದ ಮುಲಾಮಿನ ಟ್ಯೂಬು. ಇನ್ನೊಂದು, ಅದನ್ನು ಹಚ್ಚುವ ತನ್ನ ಬಲಗೈ.

ಆ ಕೈಗೆ ಗುಣವಿದೆ ಎಂದು ಓಣಿಯೇ ಒಪ್ಪಿಕೊಂಡಿತ್ತು. ಕೈಗುಣ ಆ ಮನೆಗೆ ಬಂದದ್ದು ಗುರುಬಸವ್ವನ ಅತ್ತೆಯಿಂದ. ಅತ್ತೆ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದಳು. ಸಾಯುವ ಮುಂಚೆ ಸೊಸೆಯ ಕೈಹಿಡಿದು, ಇನ್ನು ಇದು ನಿನ್ನದು ಎಂದಿದ್ದಳು. ಕಾಲ ಬದಲಾಗಿ ಅರಿಶಿನದ ಜಾಗಕ್ಕೆ ಹೆದ್ದಾರಿ ಪಕ್ಕದ ಕಾಡಪ್ಪನ ಔಷಧ ಅಂಗಡಿಯ ಟ್ಯೂಬು ಬಂತು, ಕಟ್ಟಳೆ ಮಾತ್ರ ಹಳೆಯದೇ ಉಳಿಯಿತು. ಹೆಬ್ಬೆರಳನ್ನು ಮೊದಲು ವಿಭೂತಿಗೆ ಒತ್ತಬೇಕು, ಆಮೇಲೆ ಮುಲಾಮಿಗೆ, ಆಮೇಲೆ ಗಾಯಕ್ಕೆ. ಹಚ್ಚಿದ ಮೇಲೆ ನೀರು ಮುಟ್ಟಿಸಬಾರದು, ತೊಳೆದರೆ ಕೈಗುಣವೂ ತೊಳೆದುಹೋಗುತ್ತದೆ. ಮರುದಿನ ಹಳೆಯ ಪದರದ ಮೇಲೆಯೇ ಹೊಸದು. ಇದಕ್ಕಾಗಿ ಯಾರಿಂದಲೂ ಒಂದು ಎಲೆ-ಅಡಿಕೆಯನ್ನೂ ತೆಗೆದುಕೊಳ್ಳುವಂತಿಲ್ಲ.

ಕಬ್ಬಿನ ಗರಿ ಗೀರಿದ ಮುಂಗೈ, ಮಕ್ಕಳ ತರಚಿದ ಮೊಣಕಾಲು, ಒಲೆಗೆ ಸುಟ್ಟ ಬೆರಳು, ಹುಡುಗಿಯರ ಮೊಡವೆ, ನಾಯಿ ಪರಚಿದ ಮೀನಖಂಡ, ಎಲ್ಲಕ್ಕೂ ಅದೇ ಟ್ಯೂಬು, ಅದೇ ಹೆಬ್ಬೆರಳು. ಹತ್ತರಲ್ಲಿ ಒಂಬತ್ತು ಗಾಯ ತಾವಾಗಿಯೇ ಮಾಯುವಂಥವು. ಮಾಯ್ದರೆ ಕೀರ್ತಿ ಗುರುಬಸವ್ವನಿಗೆ, ಮಾಯದಿದ್ದರೆ ತಪ್ಪು ನೀರು ಮುಟ್ಟಿಸಿದವರದು. ಈ ವ್ಯವಹಾರದಲ್ಲಿ ಅವಳಿಗೆ ನಷ್ಟವೆಂಬುದೇ ಇರಲಿಲ್ಲ. ಒಂದು ವರ್ಷದಿಂದ ಅವಳ ಹೆಬ್ಬೆರಳ ತುದಿ ಕೆಂಪಾಗಿ, ಒಡೆದು, ತುರಿಸುತ್ತಿತ್ತು. ಸೊಸೆ ತರುವ ಪಾತ್ರೆ ಸಾಬೂನು ಅಗ್ಗದ್ದು, ಅದರಿಂದಲೇ ಹೀಗೆ ಎಂದು ಅವಳ ತೀರ್ಮಾನ. ಸಾಬೂನು ಐದೂ ಬೆರಳಿಗೆ ತಾಗುವಾಗ ಒಂದೇ ಬೆರಳು ಏಕೆ ಒಡೆಯಬೇಕೆಂದು ಅವಳು ಕೇಳಿಕೊಳ್ಳಲಿಲ್ಲ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಒಂದು ಸಂಜೆ ಅವಳ ಗಂಡ ನಿಜಗುಣಪ್ಪ ಹೊಲದಿಂದ ಬಂದು ಪಡಸಾಲೆ ದಾಟಿ ಒಳಗೆ ಹೋದ. ಹಿಂದೆಯೇ ನೆಲ ಒರೆಸಲು ಬಂದ ಮಂಜುಳಾ ಬಾಗಿಲಿನಿಂದ ಕಂಬದವರೆಗೆ ರಕ್ತದ ಗುರುತು ನೋಡಿ ಗಾಬರಿಯಾದಳು. ಕಡಿದ ಕಬ್ಬಿನ ಕೂಳೆ ಚಪ್ಪಲಿಯ ಅಟ್ಟೆ ತೂರಿ ಬಲಗಾಲ ಹೆಬ್ಬೆರಳ ಬುಡಕ್ಕೆ ಆಳವಾಗಿ ನೆಟ್ಟಿತ್ತು. ನಿಜಗುಣಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಎಂಟು ವರ್ಷದ ಸಕ್ಕರೆ ಕಾಯಿಲೆ ಅವನ ಪಾದಗಳ ಅರಿವನ್ನು ಮೆಲ್ಲಗೆ ತಿಂದುಹಾಕಿತ್ತು. ಮುಳ್ಳು ತುಳಿದರೂ ಹುಲ್ಲು ತುಳಿದರೂ ಅವನಿಗೆ ಒಂದೇ.

ಮಂಜುಳಾ ಬಕೆಟ್ಟು, ಸಾಬೂನು ತಂದಳು. ಹೂಲಿ ಗ್ರಾಮದ ಹುಡುಗಿ, ಪಿಯುಸಿ ಓದಿದವಳು, ಮಾತು ಕಡಿಮೆ. ಆಡಿದರೆ ಮಾತ್ರ ನೇರ. "ಮಾವಾರ, ಮೊದಲ ಛಲೋತ್ನಂಗ ತೊಳ್ಯೂಣ್ರಿ. ನಾಳೆ ಮುಂಜಾನಿ ದವಾಖಾನಿಗೆ ಹೋಗೂಣು. ನಿಮಗ ಶುಗರ್ ಐತಿ, ಗಾಯ ಆಳ ಐತಿ."

ಗುರುಬಸವ್ವ ಅಷ್ಟರಲ್ಲಿ ಜಗಲಿಯಿಂದ ಟ್ಯೂಬು ತೆಗೆದುಕೊಂಡು ಬಂದಾಗಿತ್ತು. "ಊರ ಮಂದಿ ಗಾಯ ಮಾಯಿಸಿದ ಕೈ, ಕಟ್ಟಿಕೊಂಡ ಗಂಡಂದು ಮಾಯಿಸೂದಿಲ್ಲೇನು? ಬಕೆಟ್ ಒಳಗ ಇಡ" ಎಂದಳು. ನಿಜಗುಣಪ್ಪ ನಲವತ್ತು ವರ್ಷದಿಂದ ಹೆಂಡತಿಯ ಮಾತಿಗೆ ಎದುರಾಡಿದವನಲ್ಲ. ನಗುತ್ತಲೇ ಕಾಲು ಚಾಚಿದ. ಮಣ್ಣು, ಕಬ್ಬಿನ ಸಿಬಿರು, ಒಣಗಿದ ರಕ್ತ ಎಲ್ಲದರ ಮೇಲೆ ವಿಭೂತಿಯ ಹೆಬ್ಬೆರಳು ಮುಲಾಮು ಸಾರಿಸಿತು.

ನಾಲ್ಕನೆಯ ದಿನಕ್ಕೆ ಗಾಯದ ಸುತ್ತ ಚರ್ಮ ಕೆಂಪಾಗಿ ಸಣ್ಣ ಗುಳ್ಳೆಗಳೆದ್ದವು. ನೀರು ಜಿನುಗತೊಡಗಿತು. ಗುರುಬಸವ್ವ ಮುಲಾಮನ್ನು ಇನ್ನಷ್ಟು ದಪ್ಪಗೆ, ಇನ್ನಷ್ಟು ಅಗಲಕ್ಕೆ ಹಚ್ಚಿದಳು. ಹಚ್ಚಿದಷ್ಟು ಅಗಲಕ್ಕೂ ಕೆಂಪು ಹಬ್ಬಿತು. ಇದರಲ್ಲಿ ಯಾರದೋ ಕೈವಾಡವಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಮೊದಲು ನೆನಪಾದವಳು ಶಟ್ಟೆವ್ವ. ಎರಡು ದಿನದ ಹಿಂದೆ ಮಜ್ಜಿಗೆ ಕೇಳಲು ಬಂದವಳು ನಿಜಗುಣಪ್ಪನ ಕಾಲನ್ನೇ ನೋಡುತ್ತಾ ನಿಂತು, ಎಷ್ಟು ಬಾತಿದೆಯಲ್ಲ ಎಂದಿದ್ದಳು. ಬೇಕಾದಷ್ಟಾಯಿತು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಘಾಟು ಬರಲಿಲ್ಲ, ಅಂದ ಮೇಲೆ ದೃಷ್ಟಿಯೇ ಸರಿ. ಅಂದಿನಿಂದ ಶಟ್ಟೆವ್ವನಿಗೆ ಮಜ್ಜಿಗೆ ಬಂದ್ ಆಯಿತು. ಕಾಲಿನ ಬಾವು ಇಳಿಯಲಿಲ್ಲ.

ಎರಡನೆಯ ಅನುಮಾನ ಸೊಸೆಯ ಮೇಲೆ. ಆರನೆಯ ದಿನ ಗುರುಬಸವ್ವ ಸಂತೆಯಿಂದ ಬರುವಷ್ಟರಲ್ಲಿ ಪಡಸಾಲೆಯ ಹಾಸುಗಲ್ಲು ಒದ್ದೆಯಾಗಿತ್ತು, ಗಂಡನ ಕಾಲು ಸಾಬೂನಿನ ವಾಸನೆ ಹೊಡೆಯುತ್ತಿತ್ತು. ತೊಳೆದಾಗಿನಿಂದ ಕಣಕಾಲಿನ ತುರಿಕೆ ತುಸು ಕಡಿಮೆಯಿದೆ ಎಂದು ನಿಜಗುಣಪ್ಪ ಹೇಳಹೋದರೆ ಅವನ ಮಾತನ್ನು ಅರ್ಧಕ್ಕೇ ಕತ್ತರಿಸಿದಳು. ತನ್ನ ಕೈಗುಣ ಕೆಡಿಸಬೇಕೆಂದೇ ಸೊಸೆ ಹೊಂಚು ಹಾಕಿದ್ದಾಳೆ ಎಂದು ಮಗ ಸಚಿನನ ಮುಂದೆ ದೂರು ಹೇಳಿದಳು. ಸಚಿನ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ಕಾರ್ಖಾನೆಗೂ ಹೊಲಕ್ಕೂ ತಿರುಗುತ್ತಿದ್ದವನು, ನಿದ್ದೆಗಣ್ಣಲ್ಲೇ ಇಬ್ಬರಿಗೂ ಹೂಂಗುಟ್ಟಿ ಹೋದ. ಅಂದಿನಿಂದ ಗುರುಬಸವ್ವ ಸಂತೆಯನ್ನೂ ಬಿಟ್ಟು ಗಂಡನ ಕಾಲಿನ ಕಾವಲು ಕುಳಿತಳು.

ಮೂರನೆಯ ಅನುಮಾನ ಟ್ಯೂಬು ನಕಲಿ ಇರಬಹುದೆಂದು. ಟ್ಯೂಬಿನ ಮೇಲೆ ಅಲ್ಲ, ಮಾರಿದವನ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು. ಕಾಡಪ್ಪನ ಅಂಗಡಿಗೆ ಹೋಗಿ ಗಟ್ಟಿಯಾಗಿಯೇ ಕೇಳಿದಳು. ಅವನು ಗಿರಾಕಿಗಳ ಮುಂದೆ ಮಾನ ಹೋಗದಿರಲೆಂದು ಬೇರೊಂದು ಡಬ್ಬಿ ತೆಗೆದು, ಇದು ಅದಕ್ಕಿಂತ ಜೋರಾದದ್ದು ಎಂದು ಕೊಟ್ಟು ಕಳಿಸಿದ. ಯಾರ ಕಾಲು, ಎಷ್ಟು ಆಳ, ಸಕ್ಕರೆ ಕಾಯಿಲೆ ಇದೆಯೇ? ಈ ಮೂರು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕಿತ್ತು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ವೈದ್ಯರ ಚೀಟಿಯ ಮಾತಂತೂ ಇಬ್ಬರ ಬಾಯಲ್ಲೂ ಬರಲಿಲ್ಲ.

ಮಂಜುಳಾ ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟು ಓದಿದಳು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧದಲ್ಲಿ ಒಂದು ಅದೇ. ಮಡಿಸಿಟ್ಟ ಕಾಗದದಲ್ಲಿ ಬರೆದದ್ದನ್ನು ಅತ್ತೆಗೆ ಓದಿ ಹೇಳಿದಳು: ಆಳವಾದ ಗಾಯಕ್ಕೆ ವೈದ್ಯರನ್ನು ಕೇಳದೆ ಹಚ್ಚಬಾರದು, ವಾರ ಕಳೆದರೂ ಮಾಯದಿದ್ದರೆ ಬಿಡಬೇಕು, ಕೆಂಪಾಗಿ ತುರಿಸಿದರೆ ತಕ್ಷಣ ನಿಲ್ಲಿಸಬೇಕು.

"ಕಾಗದ ಓದಿ ಗಾಯ ಮಾಯೂದಿದ್ರ ಮಾಸ್ತರ ಮನ್ಯಾಗ ಯಾರಿಗೂ ಬ್ಯಾನಿ ಬರತಿದ್ದಿಲ್ಲ" ಎಂದಳು ಗುರುಬಸವ್ವ.

"ಕಾಗದ ಬಿಡ್ರಿ ಅತ್ತಿ. ನಿಮ್ಮ ಹೆಬ್ಬಟ್ಟ ನೋಡ್ರಿ, ಮಾವಾರ ಕಾಲ ನೋಡ್ರಿ. ಎರಡೂ ಒಂದ ನಮೂನಿ ಕೆಂಪ ಆಗ್ಯಾವು. ಎರಡಕ್ಕೂ ದಿನಾ ಹತ್ತೂದು ಅದ ಮುಲಾಮ."

ಗುರುಬಸವ್ವ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ. ಆದರೆ ಒಪ್ಪಿಕೊಳ್ಳುವುದೆಂದರೆ ಅತ್ತೆ ಕೊಟ್ಟ ಹೆಸರು, ಓಣಿಯಲ್ಲಿ ತನಗಿದ್ದ ಜಾಗ ಎಲ್ಲವನ್ನೂ ಬಿಟ್ಟುಕೊಟ್ಟಂತೆ. ಮುದುಕಿಯರಿಗೆ ಮನೆಯಲ್ಲಿ ಉಳಿಯುವ ಅಧಿಕಾರವಾದರೂ ಎಷ್ಟು? ಬೀಗದ ಕೈ ಸೊಸೆಗೆ ಹೋಗಿತ್ತು, ಅಡುಗೆಮನೆಯೂ ಹೋಗಿತ್ತು. ಉಳಿದದ್ದು ಆ ಒಂದು ಹೆಬ್ಬೆರಳು. ಅವಳ ಹಟವನ್ನು ನಾನು ಒಪ್ಪಲಾರೆ, ಆದರೆ ಅದು ಎಲ್ಲಿಂದ ಬಂತೆಂದು ತಿಳಿಯದೆ ಬೈದರೆ ನ್ಯಾಯವಾಗದು.

ಇನ್ನು ದವಾಖಾನೆಯ ಮಾತೆತ್ತಿದರೆ ರಾಮದುರ್ಗದ ಮಲಕಾಜಪ್ಪನ ಹೆಸರು ಸಿದ್ಧವಾಗಿರುತ್ತಿತ್ತು. ನಿಜಗುಣಪ್ಪನ ಆ ಹಳೆಯ ಗೆಳೆಯ ಇಂಥದೇ ಗಾಯಕ್ಕೆ ದವಾಖಾನೆಗೆ ನಡೆದುಕೊಂಡು ಹೋಗಿ ಊರುಗೋಲಿನ ಮೇಲೆ ಮರಳಿದ್ದ. ಡಾಕ್ಟರುಗಳಿಗೆ ಕಡಿಯುವುದೊಂದೇ ಗೊತ್ತು ಎಂದು ಗುರುಬಸವ್ವ ಹೇಳುತ್ತಿದ್ದಳು. ಮಲಕಾಜಪ್ಪ ಎಷ್ಟು ದಿನ ತಡಮಾಡಿ ಹೋಗಿದ್ದನೆಂದು ಮಂಜುಳಾ ಕೇಳಿದರೆ ಅವಳು ಜಗಲಿಯ ಟ್ಯೂಬು ತರಲು ಎದ್ದು ಹೋದಳು.

ಹನ್ನೆರಡನೆಯ ದಿನ ಬೆಳಿಗ್ಗೆ ನಿಜಗುಣಪ್ಪ ಚಳಿಯೆಂದು ಎರಡು ಕೌದಿ ಹೊದ್ದು ನಡುಗುತ್ತಿದ್ದ. ಕಾಲ ಹೆಬ್ಬೆರಳು ಕಪ್ಪಿಟ್ಟಿತ್ತು. ಊದುಬತ್ತಿ ಹಚ್ಚಿದರೂ ಪಡಸಾಲೆಯಲ್ಲಿ ನಿಲ್ಲಲಾಗದ ವಾಸನೆ. ಮಂಜುಳಾ ಅತ್ತೆಯನ್ನು ಕೇಳಲಿಲ್ಲ. ಕಾರ್ಖಾನೆಯ ಮುಂದೆ ಕಬ್ಬಿನ ಸಾಲಿನಲ್ಲಿ ಟ್ರ್ಯಾಕ್ಟರು ನಿಲ್ಲಿಸಿಕೊಂಡಿದ್ದ ಗಂಡನಿಗೆ ಫೋನು ಮಾಡಿದಳು. ಅರ್ಧ ತಾಸಿನಲ್ಲಿ ಸಚಿನ ಕಾರು ಮಾಡಿಕೊಂಡು ಬಂದ. ಗುರುಬಸವ್ವ ಬಾಗಿಲಿಗೆ ಅಡ್ಡ ನಿಂತಳು. ಕೈ ಹಚ್ಚಿದ ಗಾಯವನ್ನು ನಡುವೆ ಬಿಟ್ಟರೆ ಕೇಡು ಎಂದಳು. ತಾಯಿಗೆ ಎಂದೂ ಎದುರಾಡದ ಮಗ ಅವಳ ಮುಖ ನೋಡದೆ, "ಯವ್ವಾ, ದಾರಿ ಬಿಡು" ಎಂದು ಅಪ್ಪನನ್ನು ಎತ್ತಿಕೊಂಡು ಹೊರನಡೆದ.

ಬೈಲಹೊಂಗಲದ ದವಾಖಾನೆಯಲ್ಲಿ ಹೆಬ್ಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದರು. ಮುಲಾಮು ಮೇಲೆ ಮುಚ್ಚಿಕೊಂಡಿತ್ತು, ಕೀವು ಒಳಗೇ ಎಲುಬಿನವರೆಗೆ ಇಳಿದಿತ್ತು. ಮೊದಲ ದಿನವೇ ತೊಳೆದು ಕರೆತಂದಿದ್ದರೆ ಒಂದು ಇಂಜೆಕ್ಷನ್, ನಾಲ್ಕು ಮಾತ್ರೆಗಳಲ್ಲಿ ಬಹುಶಃ ಮುಗಿಯುತ್ತಿತ್ತು ಎಂದರು ಡಾಕ್ಟರು. ಆಕೆ ಸವದತ್ತಿ ಕಡೆಯ ಹೆಣ್ಣುಮಗಳು, ಸಚಿನನಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಗುರುಬಸವ್ವನಿಗೆ ಆ ಮಾತು ಕಿವಿಗೆ ಬೀಳಲೇ ಇಲ್ಲ. ಕಡಿಯುತ್ತಾರೆ ಎಂದು ತಾನು ಹೇಳಿರಲಿಲ್ಲವೇ, ಕಡಿದೇಬಿಟ್ಟರಲ್ಲ! ಕಡಿತಕ್ಕೆ ಹೆದರಿ ಹನ್ನೆರಡು ದಿನ ಕೂತದ್ದೇ ಕಡಿತವನ್ನು ಕರೆತಂದಿತೆಂದು ಆ ತಾಯಿಗೆ ಯಾರು ತಿಳಿಸಬೇಕು?

ವಾರ್ಡಿನಲ್ಲಿ ಅವಳ ಅನುಮಾನಕ್ಕೆ ಹೊಸ ಕೆಲಸ ಸಿಕ್ಕಿತು. ನರ್ಸು ದಿನಾ ಬಂದು ಗಾಯ ತೊಳೆಯುತ್ತಿದ್ದಳು. ನೀರೇ ಮುಟ್ಟಬಾರದ ಗಾಯಕ್ಕೆ ಬಾಟಲಿಗಟ್ಟಲೆ ನೀರು! ಇವರು ಬೇಕೆಂದೇ ಮಾಯಲು ಬಿಡುತ್ತಿಲ್ಲ ಎನ್ನಿಸಿತು. ಟ್ಯೂಬನ್ನು ಅವಳು ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ. ನಡುವಿನ ಎಲೆ-ಅಡಿಕೆ ಸಂಚಿಯಲ್ಲಿತ್ತು. ಮೂರನೆಯ ದಿನ ಮಧ್ಯಾಹ್ನ ಮಂಜುಳಾ ಊಟದ ಡಬ್ಬಿ ತೊಳೆಯಲು ಹೋದಾಗ, ಗಂಡ ನಿದ್ದೆಯಲ್ಲಿರುವಾಗ, ಪಟ್ಟಿಯ ಅಂಚು ಎತ್ತಿ ಬೆರಳು ತೂರಿದಷ್ಟು ಒಳಗೂ, ಹೊರಗೆ ಹಿಮ್ಮಡಿಯಿಂದ ಮೀನಖಂಡದವರೆಗೂ ಮುಲಾಮು ತಿಕ್ಕಿದಳು. ಮರುದಿನ ನರ್ಸು ಬರುವ ಮುಂಚೆ ಹೊರಗಿನ ಜಿಡ್ಡು ಒರೆಸಿ, ನರ್ಸು ಹೋದ ಮೇಲೆ ಮತ್ತೆ ತಿಕ್ಕಿದಳು. ಹೆಂಡತಿಯ ಪ್ರೀತಿಯಿಂದಲೇ ತಿಕ್ಕಿದಳು, ಅದರಲ್ಲಿ ಅನುಮಾನವಿಲ್ಲ.

ಐದನೆಯ ದಿನ ಡಾಕ್ಟರು ಬಂದಾಗ ಶಟ್ಟೆವ್ವ ಬಾಳೆಹಣ್ಣು ಹಿಡಿದು ರೋಗಿಯನ್ನು ನೋಡಲು ಬಂದಿದ್ದಳು. ಪಟ್ಟಿ ಬಿಚ್ಚಿದ ಡಾಕ್ಟರ ಮುಖ ಬದಲಾಯಿತು. ಪಾದ ಬಾತು, ಕೆಂಪು ಮೀನಖಂಡದವರೆಗೆ ಏರಿ, ಚರ್ಮ ಗುಳ್ಳೆಯೆದ್ದು ನೀರು ಸುರಿಯುತ್ತಿತ್ತು.

"ವಿಷ ಮ್ಯಾಲ ಏರಾಕ ಹತ್ತೇತೇನೋ ಅಂತ ನನಗ ಅನುಮಾನ" ಎಂದು ಡಾಕ್ಟರು ಸಚಿನನಿಗೆ ಹೇಳಿದರು. "ನಾಳೆ ಮುಂಜಾನಿ ತನಕ ನೋಡೂಣು. ಇಳೀಲಿಲ್ಲ ಅಂದ್ರ ಮೊಣಕಾಲ ಕೆಳಗ ತಗೀಬೇಕಾಗಬಹುದು. ಕಾಲಿಗೆ ಬ್ಯಾರೆ ಏನರ ಹಚ್ಚೀರೇನು?"

ಇಲ್ಲವೆಂದು ಸಚಿನ ತಲೆಯಾಡಿಸಿದ. ಇಲ್ಲವೆಂದು ಮಂಜುಳಾಳೂ ಹೇಳಿದಳು. ನಿಜಗುಣಪ್ಪ ಏನೂ ಕೇಳಿಸದವನಂತೆ ಗೋಡೆಯ ಕಡೆ ಹೊರಳಿ ತನ್ನ ಮೊಣಕಾಲನ್ನು ಎರಡೂ ಕೈಯಿಂದ ಅಪ್ಪಿಹಿಡಿದುಕೊಂಡ.

ಗುರುಬಸವ್ವ ಆ ಕಾಲನ್ನು ನೋಡಿದಳು. ಮೀನಖಂಡದ ಮೇಲಿನ ಕೆಂಪು ಹೇಗೆಂದರೆ ಹಾಗೆ ಹರಡಿರಲಿಲ್ಲ. ಉದ್ದುದ್ದ ಪಟ್ಟೆ, ಪಕ್ಕಪಕ್ಕಕ್ಕೆ, ಒಂದು ಹೆಬ್ಬೆರಳಿನಷ್ಟು ಅಗಲ. ಆ ಕೆಂಪು ಎಲ್ಲಿ ನಿಂತಿತ್ತೋ, ಹಚ್ಚುವಾಗ ಅಲ್ಲಿಗೇ ತನ್ನ ಕೈ ನಿಂತಿತ್ತು. ನರ್ಸು ತೊಳೆದ ನೀರು ಪಟ್ಟೆ ಎಳೆಯುವುದಿಲ್ಲ. ಶಟ್ಟೆವ್ವನ ಕಣ್ಣೂ ಎಳೆಯುವುದಿಲ್ಲ. ಇಷ್ಟು ದಿನ ಹಾಲಿನವನಿಂದ ಹಿಡಿದು ಸೊಸೆಯವರೆಗೆ ಎಲ್ಲರ ಮನೆ ಬಾಗಿಲು ತಟ್ಟಿ ಬಂದ ಅನುಮಾನ ಕಡೆಗೆ ತನ್ನ ಮನೆಗೇ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಈಗ ಬಾಯಿ ಬಿಟ್ಟರೆ ಕೈಗುಣ ಮುಗಿಯಿತು, ಅದೂ ಶಟ್ಟೆವ್ವನೆದುರು; ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಬಾಯಿ ಮುಚ್ಚಿದರೆ ಯಾರಿಗೂ ತಿಳಿಯದು, ಹೆಸರು ಉಳಿಯುತ್ತದೆ, ಕಾಲು ಹೋಗುತ್ತದೆ. ಡಾಕ್ಟರು ಬಾಗಿಲ ತನಕ ಹೋಗಿದ್ದರು.

"ನಿಂದರ್ರಿ" ಎಂದಳು ಗುರುಬಸವ್ವ. ಸಂಚಿಯಿಂದ ಟ್ಯೂಬು ತೆಗೆದು ಮಂಚದ ಮೇಲಿಟ್ಟಳು. ಒಡೆದ ಹೆಬ್ಬೆರಳನ್ನು ಚಾಚಿದಳು. "ನಾನ ಹಚ್ಚೇನಿ. ಇವರಿಗೆ ಯಾರಿಗೂ ಗೊತ್ತಿಲ್ಲ. ಎರಡ ದಿನಾ ಆತು, ಕದ್ದ ಹಚ್ಚೇನಿ."

ಡಾಕ್ಟರು ಬೈಯಲಿಲ್ಲ. ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಕಾಲು ನೋಡಿದರು, ನೋವೋ ತುರಿಕೆಯೋ ಎಂದು ನಿಜಗುಣಪ್ಪನನ್ನು ಕೇಳಿದರು. ಮೀನಖಂಡಕ್ಕೆ ತುರಿಕೆ, ಸಾಯುವಷ್ಟು ತುರಿಕೆ ಎಂದ ಅವನು. ನರ್ಸನ್ನು ಕರೆದು ಮುಲಾಮನ್ನೆಲ್ಲ ತೊಳೆಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಗುರುಬಸವ್ವನ ಎದುರು ಕುಳಿತರು.

"ಮುಲಾಮ ವಿಷ ಅಲ್ಲವ್ವಾ. ಆದ್ರ ಕೆಲವರ ಚರ್ಮಕ್ಕ ಇದು ಆಗಿಬರೂದಿಲ್ಲ. ನಿಮಗ ಆಗಿಲ್ಲ, ಇವರಿಗೂ ಆಗಿಲ್ಲ. ಈ ಕೆಂಪು ಅದರಿಂದನ ಬಂದದ್ದಿರಬೇಕು. ಸಣ್ಣ ತರಚಿದ್ರ ಸಾಬಾಣ, ನೀರು ಸಾಕು. ಹಚ್ಚಲೇಬೇಕಂದ್ರ ತೆಳ್ಳಗ, ನಾಕ ದಿನ. ಆಳದ ಗಾಯ, ನಾಯಿ ಕಡದದ್ದು, ದೊಡ್ಡ ಸುಟ್ಟಗಾಯ, ಶುಗರ್ ಇದ್ದವರ ಕಾಲು, ಇವು ಟ್ಯೂಬಿನ ಕೆಲಸ ಅಲ್ಲ. ಮತ್ತ ಬೇಕಿಲ್ಲದ್ದಕ್ಕೆಲ್ಲಾ ಹಚ್ಚಿಕೋತ ಹೋದ್ರ ಕಣ್ಣಿಗೆ ಕಾಣದ ರೋಗದ ಹುಳ ಔಷಧಕ್ಕ ಪಳಗತಾವು. ಖರೇನ ಬೇಕಾದಾಗ ಅದು ಕೆಲಸಾ ಮಾಡೂದಿಲ್ಲ."

ಮರುದಿನ ಬೆಳಿಗ್ಗೆ ಕೆಂಪು ಏರಿರಲಿಲ್ಲ. ಮೂರು ದಿನಕ್ಕೆ ಇಳಿಯತೊಡಗಿತು. ಕಾಲು ಉಳಿಯಿತೆಂದು ತಿಳಿದ ದಿನ ನಿಜಗುಣಪ್ಪ ಹೆಂಡತಿಯತ್ತ ನೋಡಿ, ನಿನ್ನ ಕೈಗಿಂತ ಬಾಯಿಯ ಗುಣವೇ ಚಲೋ ಇದೆ ಎಂದು ನಕ್ಕ. ನಲವತ್ತು ವರ್ಷದಲ್ಲಿ ಮೊದಲ ಸಲ ಅವಳು ತಿರುಗಿ ಮಾತಾಡಲಿಲ್ಲ, ಅತ್ತಳು.

ಅವರು ಮನೆಗೆ ಬಂದ ಎರಡನೆಯ ವಾರ ಓಣಿಯಲ್ಲಿ ಎರಡು ಮಾತಿದ್ದವು. ಮುದುಕಿ ತಪ್ಪು ಮಾಡಿದಳೆಂದು ಕೆಲವರು. ದವಾಖಾನೆಯವರು ತಮ್ಮ ತಪ್ಪನ್ನು ಅವಳ ಮೇಲೆ ಹಾಕಿದರೆಂದು ಹಲವರು. ವಾರ್ಡಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಟ್ಟೆವ್ವನೂ ಆ ಹಲವರಲ್ಲಿ ಒಬ್ಬಳು; ಬೆರಳು ಕಡಿದದ್ದು ಅದಕ್ಕೂ ಮುಂಚೆಯಲ್ಲವೇ ಎನ್ನುತ್ತಿದ್ದಳು. ಅವಳ ಮಗ ಬಾಳೇಶ ಕಬ್ಬು ಕಡಿಯುವಾಗ ಕೊಯ್ತಾ ತಾಗಿಸಿಕೊಂಡು ಎಡ ಅಂಗೈ ಸೀಳಿಕೊಂಡ ದಿನ, ಅವಳು ಅವನನ್ನು ನೇರ ಗುರುಬಸವ್ವನ ಕಟ್ಟೆಗೇ ಕರೆತಂದಳು. ಹಿಂದೆ ಹತ್ತಾರು ಜನ.

ಗುರುಬಸವ್ವ ಗಾಯ ನೋಡಿದಳು, ಆಳವಾಗಿತ್ತು. ತಾನು ಹಚ್ಚುವುದಿಲ್ಲ, ಮೊದಲು ನೀರಿನಲ್ಲಿ ತೊಳೆದು ದವಾಖಾನೆಗೆ ಕರೆದೊಯ್ಯಿರಿ ಎಂದಳು. ಅವರದು ಶುಗರಿನ ಕಾಲು, ಇವನದು ಗಟ್ಟಿ ಮೈ, ಹಚ್ಚಿದರೆ ಏನೂ ಆಗದು ಎಂದು ಶಟ್ಟೆವ್ವ ವಾದಿಸಿದಳು. ಹಿಂದಿನವರೂ ಹೌದೌದೆಂದರು. ಗುರುಬಸವ್ವ ಮತ್ತೆ ಇಲ್ಲವೆಂದಳು. ಶಟ್ಟೆವ್ವನ ಮುಖ ಗಂಟಾಯಿತು.

"ಯಕ್ಕಾ, ನನ್ನ ಮ್ಯಾಲಿನ ಸಿಟ್ಟ ನನ್ನ ಮಗನ ಮ್ಯಾಲ ತೀರಸಬ್ಯಾಡ. ಮಜ್ಜಿಗಿ ಬಂದ್ ಮಾಡಿದಿ, ಸುಮ್ಮನಿದ್ದೆ. ಈಗ ಕೈನೂ ಬಂದ್ ಮಾಡತಿಯೇನು?"

ಜನ ಗುರುಬಸವ್ವನನ್ನು ನೋಡುತ್ತಿದ್ದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತು. ನಲವತ್ತು ವರ್ಷ ಅವಳೇ ಬೇರೆಯವರನ್ನು ಹಾಗೆ ನೋಡಿದ್ದಳು. ಅವಳು ಪಡಸಾಲೆಯ ಮಂಚದತ್ತ ತಿರುಗಿದಳು. ನಿಜಗುಣಪ್ಪ ಪಾದದ ಮೇಲೆ ಧೋತರದ ಅಂಚು ಎಳೆದುಕೊಂಡು ಕುಳಿತಿದ್ದ. ಆಸ್ಪತ್ರೆಯಿಂದ ಬಂದಮೇಲೆ ಆ ಪಾದವನ್ನು ಅವನು ಹೊರಗಿನವರಿಗೆ ತೋರಿಸಿರಲಿಲ್ಲ.

"ತೋರಸಲೇನ್ರಿ?" ಎಂದು ಕೇಳಿದಳು.

ಅವನು ತಾನೇ ಧೋತರ ಸರಿಸಿ ಕಾಲನ್ನು ಮುಂದಕ್ಕೆ ಚಾಚಿದ.

"ನೋಡ್ರಿ" ಎಂದಳು ಗುರುಬಸವ್ವ. "ಮೂರ ಬೆರಳ ಉಳದಾವು. ಉಳದದ್ದು ದವಾಖಾನಿ ಗುಣ. ಹೋದ ಎರಡು ನನ್ನ ಕೈಗುಣ. ಯಾರಿಗೆ ಬೇಕ ಹೇಳ್ರಿ, ಹಚ್ಚತೇನಿ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದ್ದವನು ಬಾಳೇಶ. ಅಂಗಳದ ನಲ್ಲಿ ತಿರುವಿ ಸೀಳಿದ ಅಂಗೈಯನ್ನು ನೀರಿನ ಕೆಳಗೆ ಹಿಡಿದ. ಶಟ್ಟೆವ್ವ ಗೊಣಗುತ್ತಲೇ ಸೆರಗು ನಡುವಿಗೆ ಸಿಕ್ಕಿಸಿಕೊಂಡು, ಕಿತ್ತೂರಿನ ದವಾಖಾನೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಮಂಜುಳಾಳನ್ನು ಕೇಳಿದಳು.